ಸಾಲಿನಲ್ಲಿ ನಿಲ್ಲಿಸುವ ಮೊದಲು ಆಡಿಸಿ

ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದುತ್ತಿರುವ ಓದುಗರೊಬ್ಬರ ಪತ್ರದ ಸಾರ: ‘ಬೋಧನಾ ಅಭ್ಯಾಸಕ್ಕೆ ಹೋಗುತ್ತಿರುವ ಪ್ರೌಢಶಾಲೆಯ ತರಗತಿಯಲ್ಲಿ ಅರವತ್ತು ಮಕ್ಕಳಿದ್ದಾರೆ, ಚೆಂಡು ಎರಡೇ. ಓದಿದ ಬೋಧನಾ ಮಾದರಿಗಳನ್ನು ಬಳಸಲು ಹೊರಟರೆ, ಸಾಲಿನಲ್ಲಿ ನಿಲ್ಲಿಸಿ ಡ್ರಿಲ್ ಮಾಡಿಸಿ ಸಾಕು ಎನ್ನುತ್ತಾರೆ ಅಲ್ಲಿನ ಶಿಕ್ಷಕರು. ಇವೆಲ್ಲ ನಮ್ಮ ಮೈದಾನಕ್ಕೆ ಹೊಂದುತ್ತವೆಯೇ?’

ಸಂಪಾದಕರ ಉತ್ತರ:

ಹೊಂದುತ್ತವೆ. ಆ ಶಿಕ್ಷಕರ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಗುಂಡು ಎಸೆತ, ಚಕ್ರ ಎಸೆತ ಕಲಿಸುವಾಗ ಸಾಲು, ಸೀಟಿ, ಶಿಕ್ಷಕರ ಆಜ್ಞೆ ಇರಲೇಬೇಕು. ಅಲ್ಲಿ ಶಿಸ್ತು ತಪ್ಪಿದರೆ ತಲೆ ಒಡೆಯುತ್ತದೆ. ಆದರೆ ಆಟಗಳನ್ನೂ ಅದೇ ರೀತಿ ಕಲಿಸುವುದು ಸರಿಯಲ್ಲ. ಇಂಗ್ಲೆಂಡಿನ ಲಫ್‌ಬರೋದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಾಗಿದ್ದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಮುಂದಿಟ್ಟ ಮಾದರಿ ಹುಟ್ಟಿದ್ದೇ ಈ ಕೊರತೆಯಿಂದ. ಕೌಶಲಗಳನ್ನು ಬಿಡಿಬಿಡಿಯಾಗಿ ಕಲಿತ ಮಕ್ಕಳು ಪಂದ್ಯಕ್ಕಿಳಿದಾಗ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತಿದ್ದರು. ಹಾಗಾಗಿ ಮೊದಲು ಸರಳಗೊಳಿಸಿದ ಆಟ, ಅದರೊಳಗೆ ಯೋಚನೆ, ಬೇಕೆನಿಸಿದಾಗ ಕೌಶಲ ಎಂದರು ಅವರು.

ಚೆಂಡಿಲ್ಲ ಎಂದು ಕೊರಗಬೇಡಿ, ಖೋ ಖೋದಿಂದ ಶುರುಮಾಡಿ. ಸುಣ್ಣದ ಪುಡಿಯಲ್ಲಿ ಪುಟ್ಟ ಅಂಕಣಗಳನ್ನು ಎಳೆಯಿರಿ. ಎಂಟರ ಬದಲು ನಾಲ್ಕೇ ಚೌಕ, ಒಬ್ಬಳೇ ಓಟಗಾರ್ತಿ, ಏಳೆಂಟು ಮಕ್ಕಳಿಗೊಂದು ಅಂಕಣ. ಸ್ವಲ್ಪ ಹೊತ್ತು ಆಡಿದ ಮೇಲೆ ಆಟ ನಿಲ್ಲಿಸಿ ಬೆನ್ನಟ್ಟುತ್ತಿದ್ದ ಹುಡುಗಿಯನ್ನು ಕೇಳಿ: ‘ಅವಳು ಆಚೆ ಬದಿಗೆ ನುಸುಳಿದಳು. ನೀನು ಮಧ್ಯದ ಗೆರೆ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಹತ್ತಿರ ಕುಳಿತವಳಿಗೆ ತಟ್ಟನೆ ಖೋ ಕೊಡುತ್ತೀಯೋ, ಮುಂದೆ ಓಡಿ ಅವಳ ದಾರಿಗೆ ಅಡ್ಡ ಬರಬಲ್ಲವಳಿಗೆ ಕೊಡುತ್ತೀಯೋ?’ ಉತ್ತರವನ್ನು ನೀವು ಹೇಳಬೇಡಿ. ಮತ್ತೆ ಆಡಲಿ. ಖೋ ಸರಿಯಾದ ಹೊತ್ತಿಗೆ ಬಂದೂ ಏಳುವುದು ತಡವಾಯಿತು ಎಂದು ಮಕ್ಕಳಿಗೇ ಅನ್ನಿಸಿದಾಗ, ಕುಳಿತಲ್ಲಿಂದ ಚಂಗನೆ ಚಿಮ್ಮುವುದನ್ನು ಕಲಿಸಿ. ಆಗ ಸಾಲಿನಲ್ಲಿ ನಿಲ್ಲಿಸಿ ಹತ್ತು ಬಾರಿ ಮಾಡಿಸಿದರೂ ಬೇಸರಿಸುವುದಿಲ್ಲ, ಏಕೆಂದರೆ ಅದು ಯಾತಕ್ಕೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡ್ಯಾರಿಲ್ ಸೀಡೆನ್‌ಟಾಪ್ ರೂಪಿಸಿದ ಕ್ರೀಡಾ ಶಿಕ್ಷಣ ಮಾದರಿ ನನಗೆ ಇನ್ನೂ ಪ್ರಿಯವಾದದ್ದು. ಅದರಲ್ಲಿ ತಂಡಗಳು ಇಡೀ ‘ಋತು’ವಿಗೆ, ಅಂದರೆ ಒಂದು ಆಟವನ್ನು ಕಲಿತು ಪಂದ್ಯಗಳನ್ನಾಡುವ ಅಷ್ಟೂ ವಾರಗಳಿಗೆ, ಬದಲಾಗದೆ ಉಳಿಯುತ್ತವೆ. ಮಕ್ಕಳು ಆಡುವುದರ ಜೊತೆಗೆ ತೀರ್ಪುಗಾರರೂ, ಅಂಕ ಬರೆಯುವವರೂ, ತರಬೇತುದಾರರೂ ಆಗುತ್ತಾರೆ. ಆದರೆ ಅದಕ್ಕೆ ವಾರಗಟ್ಟಲೆ ಸಮಯ ಬೇಕು. ನಾಲ್ಕು ದಿನ ಬಂದು ಹೋಗುವ ಪ್ರಶಿಕ್ಷಣಾರ್ಥಿಗೆ ಅದು ದಕ್ಕದು. ನಿಮ್ಮದೇ ಶಾಲೆ ಸಿಕ್ಕ ಮೇಲೆ ಖಂಡಿತ ಮಾಡಿ. ಮಾಡುವಾಗ ಒಂದು ಎಚ್ಚರವಿರಲಿ: ಆಡಲು ಹಿಂಜರಿಯುವ ಹುಡುಗಿಯನ್ನೇ ಪ್ರತಿ ಬಾರಿಯೂ ಅಂಕ ಬರೆಯಲು ಕೂರಿಸಬೇಡಿ. ಕೆಲಸಗಳು ಸರದಿಯಂತೆ ಎಲ್ಲರ ಕೈಗೂ ಬರದಿದ್ದರೆ ಅವಳು ಮೊದಲಿನಂತೆಯೇ ಮೈದಾನದ ಹೊರಗೆ ಉಳಿಯುತ್ತಾಳೆ.

ಪಾಠ ಮುಗಿದ ಮೇಲೆ ಬರೆಯುವ ಟಿಪ್ಪಣಿಯಲ್ಲಿ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂಬ ವಾಕ್ಯ ಬೇಡ. ಮೂವರು ಮಕ್ಕಳನ್ನು ಆರಿಸಿಕೊಂಡು, ಆ ಅವಧಿಯಲ್ಲಿ ಅವರು ಎಷ್ಟು ಹೊತ್ತು ಓಡಿದರು, ಎಷ್ಟು ಹೊತ್ತು ಸರದಿಗಾಗಿ ಕಾದರು ಎಂದು ಗಡಿಯಾರ ನೋಡಿ ಬರೆದಿಡಿ. ಡ್ರಿಲ್ ತರಗತಿಯದನ್ನೂ ಹಾಗೆಯೇ ಬರೆಯಿರಿ. ಎರಡನ್ನೂ ಆ ಶಿಕ್ಷಕರ ಮುಂದಿಟ್ಟು ಮಾತಾಡಿ, ನಮಗೂ ಒಂದು ಪ್ರತಿ ಕಳುಹಿಸಿ.