ದುರ್ಭಿಕ್ಷವೂ ಬರವೂ ಒಂದೆಯೇ?

'ಮಳೆಗೆ ದುರ್ಭಿಕ್ಷ ಬಂದಿದೆ' ಎಂದು ಬರೆಯಬಹುದೇ ಎಂದು ತಾವು ಕೇಳಿದ್ದೀರಿ. ನನ್ನ ಮಟ್ಟಿಗೆ ಆ ಪ್ರಯೋಗ ಸರಿಯೆನಿಸದು. 'ಭಿಕ್ಷೆ'ಯ ಹಿಂದೆ 'ದುರ್' ಸೇರಿ ಆದ ಈ ಪದದ ಮೂಲಾರ್ಥ, ಬೇಡಿದರೂ ಭಿಕ್ಷೆ ಹುಟ್ಟದ ಕಾಲ ಎಂದು. ಅಂದರೆ ಕೊಡುವವನ ಮನೆಯ ಮಡಕೆಯೂ ಬರಿದಾಗಿರುವ ಚಿತ್ರ ಅದರೊಳಗೇ ಅಡಗಿದೆ. ಬರವಾದರೋ ಸಾಮಾನ್ಯವಾಗಿ ಮಳೆಯ ಕೊರತೆಯಿಂದ ತೊಡಗುತ್ತದೆ. ಕಣಜದಲ್ಲಿ ಕಾಳಿದ್ದರೆ ಬರಗಾಲದಲ್ಲಿಯೂ ದುರ್ಭಿಕ್ಷ ತಲೆದೋರದಿರಬಹುದು, ಯುದ್ಧದಿಂದ ಧಾನ್ಯದ ಸಾಗಾಟ ನಿಂತರೆ ಒಳ್ಳೆಯ ಮಳೆಯಾದ ವರ್ಷವೂ ದುರ್ಭಿಕ್ಷ ಬರಬಹುದು. 'ಮಾತಿಗೆ ಬರವೇ?' ಎಂಬಂತೆ ಬರವನ್ನು ಯಾವುದಕ್ಕೂ ಹಚ್ಚಬಹುದು, ದುರ್ಭಿಕ್ಷಕ್ಕೆ ಅಷ್ಟು ಸಲಿಗೆಯಿಲ್ಲ. 'ದುರ್ಭಿಕ್ಷದಲ್ಲಿ ಅಧಿಕಮಾಸ' ಎಂಬ ಗಾದೆಯಲ್ಲಿಯೂ, ಉಣ್ಣಲು ಇಲ್ಲದ ವರ್ಷಕ್ಕೆ ಇನ್ನೊಂದು ತಿಂಗಳು ಸೇರಿದ ಸಂಕಟವೇ ಇದೆ.