ಅಜ್ಜಿಯ ಶುಕ್ರವಾರದ ದೀಪ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 43 ವರ್ಷ, ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ನನ್ನ ಅಪ್ಪನ ತಾಯಿ ಅಲಿಬಾಗ್ ಕಡೆಯವರು. ಎಲ್ಲರೂ ಸರೂಬಾಯಿ ಅಂತ ಕರೆಯುತ್ತಿದ್ದರು. ಶುಕ್ರವಾರ ಸಂಜೆ ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು ಬತ್ತಿ ಹಚ್ಚುತ್ತಿದ್ದರು. ಕೊಂಕಣದವರಾಗಿಯೂ ಸಿಗಡಿ ಮುಟ್ಟುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬಿಳಿ ಸೀರೆ ಉಟ್ಟು, ಉಪವಾಸ ಮಾಡಿ, ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಕೇಳಿದರೆ 'ನಮ್ಮೂರ ವ್ರತ' ಅನ್ನುತ್ತಿದ್ದರು. ಹೋದ ವರ್ಷ ಮನೆ ಬದಲಾಯಿಸುವಾಗ ಟ್ರಂಕಿನಲ್ಲಿ ಅವರ ಪುಸ್ತಕ ಸಿಕ್ಕಿತು. ಒಂದು ಪುಟ ಮರಾಠಿ, ಎದುರು ಪುಟ ಹೀಬ್ರೂ. ಒಳಗೆ ಅಜ್ಜಿಯ ಅಣ್ಣ 1950ರ ದಶಕದಲ್ಲಿ ಇಸ್ರೇಲಿನಿಂದ ಬರೆದ ಕಾಗದ. ಅಪ್ಪನಿಗೆ 74. ಕೇಳಿದರೆ 'ಸತ್ತವರ ವಿಷಯ ಈಗ್ಯಾಕೆ' ಅಂತ ಎದ್ದು ಹೋಗುತ್ತಾರೆ. ನಾನು ಯಹೂದಿ ಅಂತ ಹೇಳಿಕೊಳ್ಳಬಹುದಾ? ಡಿಎನ್‌ಎ ಪರೀಕ್ಷೆ ಮಾಡಿಸಲಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗೀ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಆ ಗಾಜಿನ ಲೋಟ ನಮ್ಮ ಮನೆಯಲ್ಲೂ ಇತ್ತು. ನನ್ನ ಅಮ್ಮನ ತಾಯಿ ಪೇಣ್ ಊರಿನವರು. ಅವರು ಯಾರು ಅಂತ ನನಗೆ ಗೊತ್ತಾಗುವಾಗ ನನಗೆ 41 ತುಂಬಿತ್ತು. ಹಾಗಾಗಿ ಇಲ್ಲಿ ಸಲಹೆಗಿಂತ ನನ್ನದೇ ಕಥೆ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ನಿಮ್ಮ ಅಜ್ಜಿ ಬೆನೆ ಇಸ್ರೇಲ್ ಜನ, ಅಂದರೆ ಕೊಂಕಣದ ಯಹೂದಿಗಳು. ಹಡಗು ಒಡೆದು ಅಲಿಬಾಗ್ ಹತ್ತಿರದ ನವಗಾಂವ್ ದಡ ಸೇರಿದವರ ಮಕ್ಕಳು ನಾವು ಅಂತ ಅವರು ಹೇಳಿಕೊಳ್ಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸುತ್ತಿದ್ದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದು ಯಹೂದಿಗಳ ವಿಶ್ರಾಂತಿಯ ದಿನ, ಹಿಂದಿನ ಸಂಜೆಯೇ ಶುರು. ಅಜ್ಜಿಯ ಶುಕ್ರವಾರದ ದೀಪ ಅದಕ್ಕೇ. ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಇಟ್ಟ ಹೆಸರು 'ಶನಿವಾರ ತೇಲಿ', ಅಂದರೆ ಶನಿವಾರ ಕೆಲಸ ಮಾಡದ ಗಾಣಿಗರು. ಅವರ ಲೆಕ್ಕದಲ್ಲಿ ತಿನ್ನುವ ಮೀನಿಗೆ ರೆಕ್ಕೆಯೂ ಇರಬೇಕು, ಪೊರೆಯೂ ಇರಬೇಕು. ಸಿಗಡಿಗೆ ಎರಡೂ ಇಲ್ಲ. ಮಾಂಸದ ಜೊತೆ ಹಾಲು ಮೊಸರು ಸೇರಿಸುವಂತಿಲ್ಲ, ಅದಕ್ಕೆ ಸಾರಿಗೆ ತೆಂಗಿನಹಾಲು. ಬಿಳಿ ಸೀರೆಯ ದಿನ ಯೋಮ್ ಕಿಪ್ಪುರ್, ಯಹೂದಿಗಳು ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ದಿನ. ಅವರ ಮರಾಠಿಯಲ್ಲಿ ಅದು 'ದಾರ್‌ಫಾಳಣೀಚಾ ಸಣ', ಬಾಗಿಲು ಹಾಕುವ ಹಬ್ಬ. 'ನಮ್ಮೂರ ವ್ರತ' ಅಂದಾಗ ಅಜ್ಜಿ ಸುಳ್ಳು ಹೇಳಲಿಲ್ಲ ನೋಡಿ.

ಹೇಳಿಕೊಳ್ಳಬಹುದಾ ಅಂತ ಕೇಳಿದಿರಿ. ಇಲ್ಲಿ ಒಂದು ಗಂಟಿದೆ. ಯಹೂದಿ ಧರ್ಮಶಾಸ್ತ್ರ ತಾಯಿಯ ಕಡೆಯಿಂದ ಲೆಕ್ಕ ಹಾಕುತ್ತದೆ. ನನ್ನದು ಅಮ್ಮನ ಅಮ್ಮ, ನಿಮ್ಮದು ಅಪ್ಪನ ಅಮ್ಮ. ಹಾಗಾಗಿ ಶಾಸ್ತ್ರದ ಪ್ರಕಾರ ನಿಮ್ಮ ಅಪ್ಪ ಯಹೂದಿ, ನೀವು ಅಲ್ಲ! ಆದರೆ ಇಸ್ರೇಲಿನ ವಲಸೆ ಕಾನೂನು 1970ರ ತಿದ್ದುಪಡಿಯಿಂದ ಮೊಮ್ಮಕ್ಕಳಿಗೂ ಬಾಗಿಲು ತೆರೆದಿದೆ. ಕಾಗದಪತ್ರ ಕೇಳುತ್ತಾರೆ, ಅದು ಬೇರೆ ವಿಷಯ. ಪಾಸ್‌ಪೋರ್ಟಿನ ಆಸೆ ನಿಮ್ಮ ಕಾಗದದಲ್ಲಿ ಕಾಣಲಿಲ್ಲ, ಒಳ್ಳೆಯದಾಯಿತು. ಸದ್ಯ 'ನಮ್ಮ ಅಜ್ಜಿ ಬೆನೆ ಇಸ್ರೇಲ್' ಅನ್ನಿ. ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಇದಕ್ಕಿಂತ ಮುಂದೆ ಹೋಗಬೇಕು ಅನ್ನಿಸಿದರೆ ಮತಾಂತರದ ದಾರಿ ಇದೆ. ಅದು ಉದ್ದದ ದಾರಿ, ಅವಸರ ಬೇಡ. ಅಂದಹಾಗೆ, ಬೆನೆ ಇಸ್ರೇಲ್ ಜನರೇ ಇಸ್ರೇಲಿಗೆ ಹೋದ ಮೇಲೆ 'ನೀವು ಪೂರ್ತಿ ಯಹೂದಿಗಳೇನಾ' ಅಂತ ಕೇಳಿಸಿಕೊಂಡವರು. ಅವರು ಬೀದಿಗಿಳಿದು ಹೋರಾಡಿದ ಮೇಲೆ, 1964ರಲ್ಲಿ ಅಲ್ಲಿನ ಸಂಸತ್ತು ಅವರ ಪರವಾಗಿ ನಿಂತಿತು. ಅಜ್ಜಿಯ ಅಣ್ಣನೂ ಆ ದಿನಗಳನ್ನು ಕಂಡಿರಬಹುದು.

ಡಿಎನ್‌ಎ ಪರೀಕ್ಷೆ ಸದ್ಯಕ್ಕೆ ಬೇಡ. ಈ ಸಮುದಾಯದಲ್ಲಿ ಯಹೂದಿ ಮೂಲವೂ ಇದೆ, ಇಲ್ಲಿನ ಮೂಲವೂ ಬೆರೆತಿದೆ ಅಂತ 2016ರಲ್ಲೇ ಒಂದು ಅಧ್ಯಯನ ಹೇಳಿದೆ. ನಿಮಗೆ ಒಂದಷ್ಟು ಶೇಕಡಾ ಅಂತ ಬರೆದು ಕಳಿಸಬಹುದು. ಅಜ್ಜಿಯ ಹಳ್ಳಿ ಯಾವುದು ಅಂತ ಅದು ಹೇಳುವುದಿಲ್ಲ. ಆ ಕಾಗದದ ಕೆಳಗಿನ ಸಹಿ ಹೇಳಬಹುದು. ಪೇಣಕರ್, ರೋಹೇಕರ್, ದಿವೇಕರ್ ಎಲ್ಲ ಊರಿನಿಂದ ಬಂದ ಅಡ್ಡಹೆಸರುಗಳು. ಬರೀ 'ಕರ್' ನೋಡಿ ತೀರ್ಮಾನಕ್ಕೆ ಬರಬೇಡಿ, ಬೆಳಗಾವಿಯಲ್ಲಿ ಕಲ್ಲು ಎಸೆದರೆ ಒಬ್ಬ 'ಕರ್'ಗೆ ತಾಗುತ್ತದೆ.

ದಿವೇಕರ್ ಅಂದಾಗ ನೆನಪಾಯಿತು. ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಅಂತ ಒಬ್ಬರಿದ್ದರು, ಮನೆಮಾತಿನಲ್ಲಿ ಸಾಮಾಜಿ ಹಸಾಜಿ. ಕಂಪನಿ ಸೈನ್ಯದಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆ ಸೆರೆ ಸಿಕ್ಕರು. ಬದುಕಿ ಬಂದದ್ದಕ್ಕೆ ಕೃತಜ್ಞತೆಯಾಗಿ 1796ರಲ್ಲಿ ಮುಂಬೈಯಲ್ಲಿ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಈ ಜನ ಅದನ್ನು 'ಮಶೀದ್' ಅನ್ನುತ್ತಾರೆ. ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಅದರಿಂದಲೇ ಅಂತ ಹೇಳುವವರಿದ್ದಾರೆ. ಅವರನ್ನು ಉಳಿಸಿದ್ದು ಟಿಪ್ಪುವಿನ ತಾಯಿ ಅನ್ನುವ ಕಥೆಯೂ ಇದೆ. ಕಥೆ ಅಂತಲೇ ಕೇಳಿ.

ಮಂದಿರಕ್ಕೆ ಹೋಗುವ ಮನಸ್ಸಿದ್ದರೆ ಮೊದಲೇ ಕೇಳಿಕೊಂಡು ಹೋಗಿ. ನಾನು ಪೆದ್ದಿ, ಶನಿವಾರ ಬೆಳಿಗ್ಗೆ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಾ ನುಗ್ಗಿದ್ದೆ. ಹಿರಿಯರೊಬ್ಬರು ಬೈಯಲಿಲ್ಲ, ಸುಮ್ನೆ ತಲೆ ಆಡಿಸಿದರು. ಶನಿವಾರ ಅಲ್ಲಿ ಮೊಬೈಲ್ ಮುಟ್ಟುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಅವರೇ ಪಕ್ಕಕ್ಕೆ ಕೂರಿಸಿಕೊಂಡು 'ಅಜ್ಜಿ ಯಾರ ಮನೆಯವರು' ಅಂತ ಕೇಳಿದರು. ನನಗೆ ಉತ್ತರವೇ ಗೊತ್ತಿರಲಿಲ್ಲ.

ಆ ಉತ್ತರ ನಿಮ್ಮ ಅಪ್ಪನ ಹತ್ತಿರ ಇದೆ. ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಮದುವೆಯಾದ ತಾಯಿ, ಬೀಳ್ಕೊಡಲೂ ಆಗದೆ ದೂರ ಹೋದ ಮಾವ, ಶಾಲೆಯಲ್ಲಿ ಬೇರೇನೋ ಬರೆಸಿದ ಜಾತಿ. ಇಂಥದ್ದೇನೋ ಇರಬಹುದು. ಪುಸ್ತಕ ಮುಂದೆ ಹಿಡಿದು ವಿಚಾರಣೆ ಮಾಡಬೇಡಿ.

ನಮ್ಮಮ್ಮನೂ ಹೀಗೇ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಮಲಿದಾ ಮಾಡಿದೆ. ನಮ್ಮ ಮಾದಲಿ ಅಲ್ಲ ಇದು, ಹೆಸರಷ್ಟೇ ಹತ್ತಿರ. ಅವಲಕ್ಕಿ ತೊಳೆದು, ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ, ಸುತ್ತ ಹಣ್ಣು ಇಡುತ್ತಾರೆ. ಎಲಿಯಾಹು ಪ್ರವಾದಿಯ ಹೆಸರಿನಲ್ಲಿ, ಹರಕೆ ಮುಟ್ಟಿದಾಗ, ಮದುವೆಗೆ ಮುಂಚೆ ಮಾಡುವುದು. ತಟ್ಟೆಯನ್ನು ಅಮ್ಮನ ಮುಂದೆ ಇಟ್ಟು ಏನೂ ಹೇಳದೆ ಪಾತ್ರೆ ತೊಳೆಯಲು ಹೋದೆ. ಅಮ್ಮ ಒಂದು ಚಮಚ ತಿಂದು, 'ಏಲಕ್ಕಿ ಕಡಿಮೆ ಆಯಿತು, ನಮ್ಮವ್ವ ಜಾಸ್ತಿ ಹಾಕ್ತಿದ್ದಳು' ಅಂದಳು. ಆಮೇಲೆ ರಾತ್ರಿ ಹನ್ನೊಂದರವರೆಗೆ ಮಾತು ನಿಲ್ಲಲಿಲ್ಲ.

ಅವಲಕ್ಕಿ ದಪ್ಪದ್ದು ತನ್ನಿ. ತೆಳುವಾದದ್ದು ಮುದ್ದೆಯಾಗುತ್ತದೆ.