ಪ್ರತಿಕ್ರಿಯೆ: 'ಹಳದೀಪುರ' ಅಡ್ಡಹೆಸರು ಅರಿಶಿನದಿಂದ ಬಂದದ್ದೇ?

ನಿಮ್ಮ ಅಡ್ಡಹೆಸರಿನಲ್ಲಿ ಹಳದಿ, ಅಂದರೆ ಅರಿಶಿನ, ಇರುವುದರಿಂದ ನಿಮ್ಮ ಅಜ್ಜ ಅರಿಶಿನದ ವ್ಯಾಪಾರಿ ಆಗಿದ್ದಿರಬಹುದೇ ಎಂದು ಕೇಳಿದ್ದೀರಿ. ಅಡ್ಡಹೆಸರಿನಿಂದ ಹಾಗೆ ಹೇಳಲು ಬರುವುದಿಲ್ಲ. ಇದು ಊರಿನ ಹೆಸರು: ಹೊನ್ನಾವರ ತಾಲೂಕಿನ ಹಳದೀಪುರ, ಕುಮಟಾಕ್ಕೆ ಹೋಗುವ ಹೆದ್ದಾರಿಯಲ್ಲೇ ಸಿಗುತ್ತದೆ.

ಊರಿನ ಹೆಸರಿಗೂ ಅರಿಶಿನ ಆಮೇಲೆ ಅಂಟಿದ್ದು. 1801ರಲ್ಲಿ ಈ ಕರಾವಳಿ ಸುತ್ತಿದ ಬ್ರಿಟಿಷ್ ವೈದ್ಯ, ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿರುವಂತೆ ಮೂಲ ಹೆಸರು ಹಂದಿಪುರ; ಹಂದಿ ಮುಸ್ಲಿಮರಿಗೆ ನಿಷಿದ್ಧವಾದ್ದರಿಂದ ಹೈದರಾಲಿ ಅದನ್ನು ಹಳದೀಪುರ ಎಂದು ಬದಲಿಸಿದ. ಒಂದೆರಡು ಅಕ್ಷರ ತಿದ್ದಿದರೆ ಸಾಕಾಯ್ತು ನೋಡಿ!

ಕೊಂಕಣಿ ಮಾತಾಡುವ ಬ್ರಾಹ್ಮಣ ಸಮುದಾಯವಾದ ಚಿತ್ರಾಪುರ ಸಾರಸ್ವತರಲ್ಲಿ ಕಾಯ್ಕಿಣಿ, ಮುರ್ಡೇಶ್ವರ, ಗೋಕರ್ಣ ಎಂದು, ಆ ಊರಿನವರು ಎಂಬರ್ಥದ 'ಕರ' ಸೇರಿಸದೆ ಊರನ್ನೇ ಅಡ್ಡಹೆಸರಾಗಿಸುವ ರೂಢಿ ಇದೆ. ಇಂಥ ಹೆಸರು ಸಾಮಾನ್ಯವಾಗಿ ಊರು ಬಿಟ್ಟ ಮೇಲೆ ಹತ್ತುತ್ತದೆ. ಹಳದೀಪುರದಲ್ಲೇ ಇದ್ದವರನ್ನು ಹಾಗೆ ಕರೆದು ಏನು ಪ್ರಯೋಜನ? ಆದ್ದರಿಂದ ಹಳೆಯ ಕಾಗದಗಳಲ್ಲಿ ನಿಮ್ಮ ಮನೆತನ ಶಾನಭಾಗ ಎಂದೋ ಬೇರೆ ಹೆಸರಿನಲ್ಲೋ ಇರಬಹುದು. ಹುಡುಕುವಾಗ ಅಡ್ಡಹೆಸರು ಬಿಡಿ, ಅಜ್ಜ-ಮುತ್ತಜ್ಜರ ಹೆಸರು ಮತ್ತು ಜಮೀನಿನ ಸರ್ವೆ ನಂಬರು ಹಿಡಿಯಿರಿ. ಹಳದಿಪುರ, ಹಲ್ದೀಪುರ, ಹಳದೀಪುರಕರ ಎಲ್ಲ ಬರವಣಿಗೆಯನ್ನೂ ನೋಡಿ. ಅಡ್ಡಹೆಸರು ಒಂದೇ ಎಂದು ನೆಂಟಸ್ತಿಕೆ ಊಹಿಸಬೇಡಿ, ಗೋತ್ರ ಮತ್ತು ಕುಲದೇವರು ಕೇಳಿ.